ವಿಮಾನ ಟಿಕೆಟ್ ಕೊಂಡವರಿಗಷ್ಟೇ ಮತವೇ?

ಹಾಸನದಿಂದಲೋ ದಾವಣಗೆರೆಯಿಂದಲೋ ಬಂದು ಬೆಂಗಳೂರಿನ ದೊಡ್ಡನೆಕ್ಕುಂದಿಯ ಬಾಡಿಗೆ ಮನೆಯಲ್ಲಿದ್ದಾಗ ಪಾಸ್‌ಪೋರ್ಟ್ ಮಾಡಿಸಿ, ಅಲ್ಲಿಂದಲೇ ಡಲ್ಲಾಸ್‌ಗೋ ದುಬೈಗೋ ಹೊರಟವರು ಸಾಕಷ್ಟು ಮಂದಿ ಇದ್ದಾರೆ. ಮತದಾರರ ಪಟ್ಟಿಗೆ ಸೇರಲು ಅವರು ನಮೂನೆ 6ಎ ತುಂಬಬೇಕು. ಪಾಸ್‌ಪೋರ್ಟ್‌ನ ವಿಳಾಸವೇ ಕ್ಷೇತ್ರವನ್ನು ತೀರ್ಮಾನಿಸುತ್ತದೆ. ಪರಿಶೀಲನೆಗೆ ಮತಗಟ್ಟೆ ಮಟ್ಟದ ಅಧಿಕಾರಿ (ಬಿಎಲ್‌ಒ) ಆ ಮನೆಗೇ ಬರುತ್ತಾರೆ. ಈಗಿನ ಬಾಡಿಗೆದಾರರು ‘ಆ ಹೆಸರಿನವರು ಇಲ್ಲಿ ಯಾರೂ ಇಲ್ಲ’ ಎನ್ನುತ್ತಾರೆ. ಅವರು ಹೇಳುವುದು ಸುಳ್ಳೂ ಅಲ್ಲ.

ಇದೆಲ್ಲ ದಾಟಿ ಹೆಸರು ಸೇರಿದರೂ ಮತ ಹಾಕಲು ಖುದ್ದು ಮತಗಟ್ಟೆಗೆ ಬಂದು ಅಸಲಿ ಪಾಸ್‌ಪೋರ್ಟ್ ತೋರಿಸಬೇಕು. ಅನಿವಾಸಿಗಳಿಗೆ 2010ರ ಜನಪ್ರಾತಿನಿಧ್ಯ (ತಿದ್ದುಪಡಿ) ಕಾಯ್ದೆ ಕೊಟ್ಟ ಹಕ್ಕಿನ ಗತಿ ಇದು. 2024ರ ಲೋಕಸಭಾ ಚುನಾವಣೆಯಲ್ಲಿ ನೋಂದಾಯಿತ ಸಾಗರೋತ್ತರ ಮತದಾರರು 1,19,374. ಮತ ಹಾಕಿದವರು 2,958, ಅದರಲ್ಲಿ 2,670 ಮಂದಿ ಕೇರಳದವರೇ. ರಜೆ, ಟಿಕೆಟ್ ಎರಡೂ ಕೂಡಿಬಂದವರಿಗೆ ಮಾತ್ರ ದಕ್ಕುವುದನ್ನು ಹಕ್ಕು ಎನ್ನಲು ನಾನು ಒಪ್ಪುವುದಿಲ್ಲ.

ದೊಡ್ಡನೆಕ್ಕುಂದಿ ಇರುವುದು ಮಹದೇವಪುರ ಕ್ಷೇತ್ರದಲ್ಲಿ. ಇಲ್ಲಿನ ಪಟ್ಟಿಯಲ್ಲಿ ಲಕ್ಷಕ್ಕೂ ಹೆಚ್ಚು ನಕಲಿ ಮತಗಳಿವೆ ಎಂದು ರಾಹುಲ್ ಗಾಂಧಿ 2025ರ ಆಗಸ್ಟ್‌ನಲ್ಲಿ ಆರೋಪಿಸಿದರು; ಚುನಾವಣಾ ಆಯೋಗ ಅದನ್ನು ತಳ್ಳಿಹಾಕಿ, ಪ್ರಮಾಣ ಮಾಡಿ ಸಹಿ ಹಾಕಿಕೊಡಿ ಎಂದಿತು. ಯಾರದು ಸರಿ ಎಂಬ ಜಗಳದಲ್ಲಿ ಒಂದು ಸರಳ ಸಂಗತಿಯನ್ನು ಯಾರೂ ಎತ್ತಲಿಲ್ಲ. ವಿದೇಶಕ್ಕೆ ಹೋದವರು ಸಾಮಾನ್ಯ ಪಟ್ಟಿಯಿಂದ ಹೆಸರು ತೆಗೆಸಿ 6ಎ ತುಂಬಿದರೆ ಅವರಿಗೆ ಸಿಗುವ ಲಾಭವೇನು? ಏನೂ ಇಲ್ಲ. ಹಾಗಾಗಿ ‘ಮಗ ಎಲೆಕ್ಷನ್‌ಗೆ ಬರ್ತಾನೆ, ಇರಲಿ ಬಿಡಿ’ ಎನ್ನುವ ತಂದೆತಾಯಿಯ ಮಾತಿನ ಮೇಲೆ ಹೆಸರು ಹಳೆಯ ಪಟ್ಟಿಯಲ್ಲೇ ಉಳಿಯುತ್ತದೆ. ದೂರದಿಂದ ಮತ ಹಾಕುವ ದಾರಿ ತೆರೆದರೆ ಜನ ತಾವಾಗಿಯೇ ಸರಿಯಾದ ಪಟ್ಟಿಗೆ ಬರುತ್ತಾರೆ.

ದಾರಿ ಹೊಸದೇನಲ್ಲ. ಸೈನಿಕರಿಗೆ 2016ರಿಂದ ಮತಪತ್ರ ಇಂಟರ್ನೆಟ್‌ನಲ್ಲಿ ಹೋಗುತ್ತಿದೆ, ಗುರುತು ಹಾಕಿದ ಮೇಲೆ ಅಂಚೆಯಲ್ಲಿ ಮರಳುತ್ತಿದೆ. ಇದನ್ನೇ ಅನಿವಾಸಿಗಳಿಗೂ ಕೊಡಬಹುದೆಂದು ಆಯೋಗವೇ 2020ರಲ್ಲಿ ಕೇಂದ್ರಕ್ಕೆ ಬರೆಯಿತು. ಬದಲಿ ವ್ಯಕ್ತಿಯ ಮೂಲಕ ಮತ ಹಾಕಿಸುವ ಮಸೂದೆ 2018ರಲ್ಲಿ ಲೋಕಸಭೆ ದಾಟಿ, ಮರುವರ್ಷ ಬಿದ್ದುಹೋಯಿತು. ಅದು ಬಿದ್ದದ್ದೇ ಒಳ್ಳೆಯದಾಯಿತು. ಗುಟ್ಟಾಗಿ ಹಾಕಬೇಕಾದ ಮತವನ್ನು ಅಣ್ಣನ ಕೈಗೆ ಕೊಡುವುದು ಮತವೇ ಅಲ್ಲ.

ಊರು ಬಿಟ್ಟವರಿಗೆ ಮತವೇಕೆ ಎನ್ನುವವರಿದ್ದಾರೆ. ಬೇರೆ ದೇಶದ ಪೌರತ್ವ ಪಡೆದವರಿಗೆ ಇಲ್ಲಿ ಮತವಿಲ್ಲ, ಇರಬಾರದು ಕೂಡ. ಆದರೆ ಭಟ್ಕಳ, ಉಡುಪಿಯಿಂದ ಕೊಲ್ಲಿಗೆ ಹೋದ ಕೂಲಿಯವನಿಗೆ ಅಲ್ಲಿ ಪೌರತ್ವ ಸಿಗುವುದು ಕನಸಿನ ಮಾತು. ಅವನ ಹೆಂಡತಿ ಮಕ್ಕಳು, ಅವನ ಸಾಲ, ಅವನ ನಾಳೆ ಎಲ್ಲವೂ ಇಲ್ಲೇ. ಲೇಬರ್ ಕ್ಯಾಂಪಿನಲ್ಲಿ ಮಾಲೀಕನ ಒತ್ತಡ ಬಿದ್ದೀತು ಎಂಬ ಭಯ ಮಾತ್ರ ನಿಜವಾದದ್ದು. ಅಲ್ಲಿ ರಾಯಭಾರ ಕಚೇರಿಯಲ್ಲೇ ಮತಗಟ್ಟೆ ತೆರೆಯಲಿ.

ಕರ್ನಾಟಕದ ಮುಂದಿನ ವಿಧಾನಸಭಾ ಚುನಾವಣೆ 2028ಕ್ಕೆ. ನಿಯಮ ಬದಲಿಸಲು ಇಷ್ಟು ಕಾಲ ಧಾರಾಳ ಸಾಕು. ಕೇಂದ್ರ ಸರ್ಕಾರ 2020ರ ಆ ಪ್ರಸ್ತಾವಕ್ಕೆ ಒಪ್ಪಿಗೆಯನ್ನಾದರೂ ಕೊಡಲಿ, ಇಲ್ಲವೇ ಏಕೆ ಕೊಡುವುದಿಲ್ಲ ಎಂದು ಸಂಸತ್ತಿನಲ್ಲಿ ನಿಂತು ಹೇಳಲಿ.