ಹಾಸ್ಟೆಲ್ಲಿನ ನಾಯಿಗೆ ಯಜಮಾನ ಯಾರು?

ಮುದ್ದೇಬಿಹಾಳದ ಹಾಸ್ಟೆಲ್ಲುಗಳ ಕಡೆ ರಾತ್ರಿ ಊಟದ ಹೊತ್ತಿಗೆ ಒಂದು ಸುತ್ತು ಹಾಕಿ ನೋಡ್ರಿ. ಗಂಗಾಳ ತೊಳೆಯುವ ನಳದ ಬಾಜೂಕ ಎರಡು-ಮೂರು ನಾಯಿ ಕುಂತಿರ್ತಾವು. ಹುಡುಗರು ಉಳಿದ ಅನ್ನ, ಒಣಗಿದ ರೊಟ್ಟಿ ಹಾಕ್ತಾರ. ಒಂದಕ್ಕೆ ರಾಜಾ, ಇನ್ನೊಂದಕ್ಕೆ ಟೈಗರ್ ಅಂತ ಹೆಸರೂ ಇಟ್ಟಿರ್ತಾರ. ಹುಡುಗರನ್ನ ಕೇಳಿದರೆ ‘ನಮ್ಮ ರಾಜಾ’. ವಾರ್ಡನ್ ಸಾಹೇಬರನ್ನ ಕೇಳಿದರೆ ‘ಅದು ಬೀದಿ ನಾಯಿ’. ಹಾಗಾದರೆ ಅದು ಯಾರನ್ನಾದರೂ ಕಡಿದ ದಿನ ಯಾರದು ಸ್ವಾಮಿ?

ಹುಡುಗರನ್ನು ಬೈಯಲು ಮನಸ್ಸು ಬರುವುದಿಲ್ಲ. ನಾಲತವಾಡ, ತಂಗಡಗಿ, ತಾಳಿಕೋಟಿ ಕಡೆಯಿಂದ ಬಂದವರು. ಮನ್ಯಾಗ ಎಮ್ಮಿ ಕರು, ಆಡಿನ ಮರಿ, ಹೊಲ ಕಾಯುವ ನಾಯಿ ಜೋಡಿ ಬೆಳೆದವರನ್ನು ಹದಿನಾರನೇ ವಯಸ್ಸಿಗೆ ಒಂದು ಟ್ರಂಕು, ಒಂದು ಹಾಸಿಗೆ ಕೊಟ್ಟು ಕೂಡಿಸಿದರೆ ಬಾಲ ಅಲ್ಲಾಡಿಸುವ ಜೀವ ಬೇಕೆನಿಸುವುದು ಸಹಜ. ದೊಡ್ಡವರಿಗೂ ಇದು ತಪ್ಪಿಲ್ಲ. ಇಂಗ್ಲೆಂಡಿನ ಕವಿ ಬೈರನ್ ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿನಲ್ಲಿದ್ದಾಗ, 1807ರಲ್ಲಿ, ಕರಡಿಯನ್ನೇ ತಂದು ಸಾಕಿದ. ಅಲ್ಲಿ ನಾಯಿ ಇಡಬಾರದೆಂಬ ನಿಯಮವಿತ್ತು, ಕರಡಿಯ ಮಾತು ಇರಲಿಲ್ಲ ಅಂತ ಹೇಳುತ್ತಾರೆ. ಆತ ಲಾರ್ಡ್, ನಡೀತು. (ನಮ್ಮಲ್ಲಿ ಕೆಲವರು ರೂಮಿನಲ್ಲಿ ಗಿಳಿ ಇಡುವ ಆಸೆ ಪಡುತ್ತಾರೆ. ಅದೂ ಬ್ಯಾಡ್ರಿ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ನಮ್ಮ ಗಿಳಿಯನ್ನು ಪಂಜರಕ್ಕೆ ಹಾಕುವುದು ಅಪರಾಧ.)

ಆದರೆ ಈಗ ವಿಷಯ ಸುಪ್ರೀಂ ಕೋರ್ಟಿನ ತನಕ ಹೋಗಿದೆ. 2025ರ ನವೆಂಬರ್ 7ರಂದು ಕೋರ್ಟು ಹೇಳಿದ್ದು: ಶಾಲೆ, ಕಾಲೇಜು, ಆಸ್ಪತ್ರೆ, ಬಸ್ ಸ್ಟ್ಯಾಂಡ್, ರೈಲು ನಿಲ್ದಾಣಗಳಲ್ಲಿನ ಬೀದಿ ನಾಯಿಗಳನ್ನು ಹಿಡಿದು, ಸಂತಾನಹರಣ ಮಾಡಿಸಿ, ಸೂಜಿ ಹಾಕಿಸಿ ಆಶ್ರಯ ಕೇಂದ್ರದಲ್ಲಿ ಇಡಬೇಕು, ಹಿಡಿದ ಜಾಗಕ್ಕೆ ಮತ್ತೆ ಬಿಡಬಾರದು. 2023ರ ನಿಯಮದಲ್ಲಿ ಹಿಡಿದಲ್ಲಿಗೇ ಬಿಡಬೇಕಿತ್ತು. ಇಂಥ ಸಂಸ್ಥೆಗಳ ಮಟ್ಟಿಗೆ ಅದು ತಿರುಗಿತು. ಪ್ರತಿ ಸಂಸ್ಥೆಯೂ ಒಬ್ಬ ಜವಾಬ್ದಾರಿ ಅಧಿಕಾರಿಯನ್ನು ನೇಮಿಸಿ, ಆತನ ಹೆಸರನ್ನು ಬಾಗಿಲಿಗೆ ಹಾಕಬೇಕೆಂದೂ ಅಂದಿತು. ದಿನಾ ಕಾಲೇಜಿನ ಮುಂದ ಬಸ್ಸಿಳಿಯುವ ಓದುಗರೇ, ಆ ಬೋರ್ಡು ಎಲ್ಲಾದರೂ ಕಂಡೀತೇ ನೋಡಿ ಹೇಳ್ರಿ. ಆಶ್ರಯ ಕೇಂದ್ರ ಎಲ್ಲಿ, ಅದರಾಗ ಎಷ್ಟು ನಾಯಿ ಹಿಡಿಸ್ತಾವು ಅನ್ನೋದನ್ನ ಪುರಸಭೆ ಊರಿಗೆ ತಿಳಿಸಲಿ.

ಹೆದರಿಕೆ ಸುಳ್ಳಲ್ಲ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವುದು ಇಲ್ಲವೆಂದೇ ತಿಳಿಯಬೇಕು. ಕಡಿದ ಕೂಡಲೇ ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ಗಾಯ ತೊಳೆದು ಸರಕಾರಿ ದವಾಖಾನಿಗೆ ಓಡಬೇಕು. ಖಾರದ ಪುಡಿ, ಸುಣ್ಣ ಹಚ್ಚಿಕೊಂಡು ಕೂಡಬಾರದು. ಮೊದಲ ದಿನ, ಆಮೇಲೆ 3, 7, 28ನೇ ದಿನ ಸೂಜಿ. ನಾಯಿ ಮರಿಗೆ ಮೂರು ತಿಂಗಳಾದಾಗ ದನದ ದವಾಖಾನಿಯಲ್ಲಿ ಸೂಜಿ ಹಾಕಿಸಿ, ಮುಂದೆ ವರ್ಷಾ ತಪ್ಪದೆ ಹಾಕಿಸಿದರೆ ಇಷ್ಟು ದೂರ ಬರುವುದೇ ಇಲ್ಲ. ‘ನಮ್ಮ ರಾಜಾ’ ಅನ್ನುವ ಹುಡುಗರ ಪೈಕಿ ಯಾರು ಇದನ್ನ ಮಾಡಿಸ್ಯಾರ?

ಇನ್ನೊಂದು ಪಾಪ ಬ್ಯಾಸಿಗಿ ರಜೆಯದು. ಪರೀಕ್ಷೆ ಮುಗಿಯಿತು, ಟ್ರಂಕು ಎತ್ತಿದರು, ಅಡುಗೆ ಮನೆಗೆ ಬೀಗ. ವರ್ಷವಿಡೀ ಕೈತುತ್ತು ತಿಂದ ಪ್ರಾಣಿ ಆ ಬಿಸಿಲಲ್ಲಿ ಗೇಟು ಕಾಯುತ್ತದೆ. ನಾಲ್ಕು ದಿನಕ್ಕೆ ಬಸ್ ಸ್ಟ್ಯಾಂಡಿನ ಚಾದಂಗಡಿ ಹತ್ತಿರ ಕಲ್ಲು ತಿನ್ನುತ್ತದೆ. ಹಸಿದ ನಾಯಿ ಕಡಿದರೆ ತಪ್ಪು ನಾಯಿದಲ್ಲ. 1997ರವರೆಗೆ ನಮ್ಮ ಜಿಲ್ಲೆಯಲ್ಲೇ ಇದ್ದ ಮುಧೋಳದ ನಾಯಿಯ ಚಿತ್ರ 2005ರಲ್ಲಿ ಅಂಚೆ ಚೀಟಿ ಮೇಲೆ ಬಂತು, ಆಮೇಲೆ ಆ ತಳಿ ಸೈನ್ಯಕ್ಕೂ ಹೋಯಿತು. ಯಜಮಾನ ಇದ್ದ ನಾಯಿಯ ನಸೀಬು ಅದು.

ನನ್ನ ಅಭಿಪ್ರಾಯ ಇಷ್ಟು. ರೂಮಿನೊಳಗೆ ಪ್ರಾಣಿ ಬ್ಯಾಡ. ಎಂಟು ಮಂದಿ ಮಲಗುವಲ್ಲಿ ಒಬ್ಬನ ಪ್ರೀತಿ ಇನ್ನೊಬ್ಬನ ಉಬ್ಬಸ ಆಗಬಾರದು. ಮುಸುರೆಯನ್ನು ಗೇಟಿನ ಮುಂದೆ ಚೆಲ್ಲುವುದು ಇವತ್ತೇ ನಿಲ್ಲಲಿ. ಈಗಾಗಲೇ ರೂಢಿಯಾದ ನಾಯಿಗಳನ್ನು ವಾರ್ಡನ್ನರು ಎಣಿಸಿ, ದನದ ಡಾಕ್ಟರನ್ನು ಕರೆಸಿ ಸೂಜಿ ಹಾಕಿಸಲಿ. ಹೊಲದಾಗ ಮನೆ, ಕುರಿ ಹಟ್ಟಿ ಇದ್ದ ಹುಡುಗ ನಿಜವಾಗಿ ಪ್ರೀತಿ ಇದ್ದರೆ ಅಪ್ಪನ ಒಪ್ಪಿಗೆ ಪಡೆದು, ಪರೀಕ್ಷೆ ಮುಗಿದ ದಿನ ಟ್ರಂಕಿನ ಜೋಡಿ ರಾಜಾನನ್ನೂ ಟಂಟಂ ಹತ್ತಿಸಿಕೊಂಡು ಹೋಗಲಿ. ಸೂಜಿ ಹಾಕಿದ ಚೀಟಿ ಮಾತ್ರ ಮರೆಯದೆ ಒಯ್ಯಲಿ, ಮುಂದಿನ ವರ್ಷದ ತಾರೀಖು ಅದರಾಗ ಬರೆದಿರ್ತಾರ.