ಜೌಗಿಗೆ ಬಿದ್ದ ಝೀರೋ



‘ದೂರದ ಬೆಟ್ಟ ನುಣ್ಣಗೆ’ ಎಂಬ ಗಾದೆಯನ್ನು ಮನೆಯಲ್ಲಿ ಹಿರಿಯರ ಬಾಯಿಂದ ಕೇಳಿಯೇ ಇರುತ್ತೀರಿ. ಹತ್ತಿರ ಹೋದಾಗ ತಾನೇ ಕಲ್ಲುಮುಳ್ಳು ಕಾಣುವುದು? ಎರಡನೆಯ ಮಹಾಯುದ್ಧದಲ್ಲಿ ಈ ಮಾತು ಒಂದು ವಿಮಾನದ ವಿಷಯದಲ್ಲಿ ನಿಜವಾಯಿತು. ಆ ಕತೆ ಕೇಳಿ.

1941ರ ಡಿಸೆಂಬರಿನಲ್ಲಿ ಜಪಾನ್ ಪರ್ಲ್ ಹಾರ್ಬರಿನ ಮೇಲೆ ದಾಳಿ ಮಾಡಿದ ಮೇಲೆ ಅದರ ‘ಝೀರೋ’ ಯುದ್ಧವಿಮಾನದ ಹೆಸರು ಎಲ್ಲೆಡೆ ಹಬ್ಬಿತು. ಹಗುರವಾದ ಮೈ, ಗಿರ್ರನೆ ತಿರುಗುವ ಚುರುಕು, ಬಹುದೂರ ಹಾರುವ ಶಕ್ತಿ. ಎದುರಾಳಿಗಳ ಕಣ್ಣಿಗೆ ಅದು ಸೋಲಿಲ್ಲದ ಸರದಾರ.

1942ರ ಜೂನ್ 4ರಂದು ಅಲಾಸ್ಕಾದ ಡಚ್ ಹಾರ್ಬರಿನ ಮೇಲೆ ದಾಳಿಗೆ ಬಂದ ಒಂದು ಝೀರೋಗೆ ಗುಂಡು ತಗಲಿ, ಎಂಜಿನ್ನಿನ ಆಯಿಲ್ ಸೋರತೊಡಗಿತು. ಅದನ್ನು ನಡೆಸುತ್ತಿದ್ದವನು ತಾದಾಯೋಶಿ ಕೋಗಾ. ವಯಸ್ಸು 19, ನಿಮ್ಮ ಓರಗೆಯವನೇ. ಅಕುತಾನ್ ದ್ವೀಪದಲ್ಲಿ ಹಸಿರು ಬಯಲು ಕಂಡು, ಚಕ್ರ ಬಿಟ್ಟು ಇಳಿಸಿದ. ಆದರೆ ಹುಲ್ಲಿನ ಕೆಳಗಿದ್ದುದು ಜೌಗು! ಚಕ್ರ ಹೂತು ವಿಮಾನ ಮಗುಚಿಕೊಂಡಿತು. ಹುಡುಗ ಅಲ್ಲೇ ಸತ್ತ. ಶತ್ರುವಿನ ಕೈಗೆ ಸಿಗದಂತೆ ಅಂಥ ವಿಮಾನವನ್ನು ನಾಶಮಾಡಬೇಕೆಂದು ಜೊತೆಗಾರರಿಗೆ ಅಪ್ಪಣೆಯಿತ್ತು. ಗೆಳೆಯ ಒಳಗೆ ಜೀವಂತವಾಗಿದ್ದರೆ? ಗುಂಡು ಹಾರಿಸಲು ಅವರಿಗೆ ಮನಸ್ಸು ಬರಲಿಲ್ಲ. ಹಾಗೆಯೇ ಮರಳಿದರು.

ಜುಲೈ 10ರಂದು ಅದು ಅಮೆರಿಕದ ಗಸ್ತು ವಿಮಾನವೊಂದರ ಕಣ್ಣಿಗೆ ಬಿತ್ತು. ಕೋಗಾನನ್ನು ಅಲ್ಲಿಯೇ ಮಣ್ಣುಮಾಡಿ, ವಿಮಾನವನ್ನು ಹಡಗಿನಲ್ಲಿ ಸಾಗಿಸಿ ಸ್ಯಾನ್ ಡಿಯೇಗೋದಲ್ಲಿ ರಿಪೇರಿ ಮಾಡಿದರು. ಸೆಪ್ಟೆಂಬರಿನಲ್ಲಿ ನೌಕಾದಳದ ಎಡ್ಡಿ ಸ್ಯಾಂಡರ್ಸ್ ಅದನ್ನು ಹಾರಿಸಿ ನೋಡಿದರು.

ಆಗ ಬೆಟ್ಟದ ಕಲ್ಲುಮುಳ್ಳು ಕಂಡವು. ವೇಗ ಗಂಟೆಗೆ ಸುಮಾರು 370 ಕಿಲೋಮೀಟರ್ ದಾಟಿದರೆ ವಿಮಾನವನ್ನು ಪಕ್ಕಕ್ಕೆ ಹೊರಳಿಸುವುದೇ ಕಷ್ಟ. ಎಡಕ್ಕೆ ಹೊರಳಿದಷ್ಟು ಸಲೀಸಾಗಿ ಬಲಕ್ಕೆ ಹೊರಳದು. ಮೂತಿಯನ್ನು ಥಟ್ಟನೆ ಕೆಳಕ್ಕೆ ಬಾಗಿಸಿದರೆ ಕಾರ್ಬುರೇಟರಿನ ದೋಷದಿಂದ ಎಂಜಿನ್ ಮುಗ್ಗರಿಸುತ್ತಿತ್ತು. ಪೈಲಟ್‌ಗಳಿಗೆ ಪಾಠ ಸಿಕ್ಕಿತು: ಝೀರೋ ಬೆನ್ನು ಹತ್ತಿದರೆ ಥಟ್ಟನೆ ಧುಮುಕಿ, ವೇಗ ಏರಿದ ಮೇಲೆ ಬಲಕ್ಕೆ ಹೊರಳಿ ಪಾರಾಗಿ. ಹಾಗೆಂದು ಅದನ್ನು ಯಾರೂ ಹಗುರವಾಗಿ ಕಾಣಲಿಲ್ಲ. ಕಡಿಮೆ ವೇಗದಲ್ಲಿ ಅದರೊಡನೆ ಸುತ್ತುಹೊಡೆಯುವ ಕಾಳಗಕ್ಕೆ ಇಳಿಯಬೇಡಿರೆಂದೂ ಎಚ್ಚರಿಸಿದರು.

ಈ ಝೀರೋ ನೋಡಿಯೇ ಅಮೆರಿಕ ‘ಹೆಲ್‌ಕ್ಯಾಟ್’ ವಿಮಾನ ಕಟ್ಟಿತೆಂದು ಹೇಳುವವರಿದ್ದಾರೆ. ಅದು ಸರಿಯಲ್ಲ. ಹೆಲ್‌ಕ್ಯಾಟಿನ ಮೊದಲ ಮಾದರಿ ಜೂನ್ 26ರಂದೇ ಹಾರಿತ್ತು. ಝೀರೋ ಆಗಿನ್ನೂ ಜೌಗಿನಲ್ಲೇ ಬಿದ್ದಿತ್ತು. ಅದರಿಂದ ಸಿಕ್ಕಿದ್ದು ತಿಳಿವಳಿಕೆ, ಅದರಿಂದ ಬಂದ ಧೈರ್ಯ.

ನಿಮ್ಮ ಮುಂದೆಯೂ ಪರೀಕ್ಷೆ, ಇಂಟರ್‌ವ್ಯೂ, ಗೊತ್ತಿಲ್ಲದ ಊರು ಎಂದು ಹಲವು ಝೀರೋಗಳು ಬರುತ್ತವೆ. ಹೆದರಿ ಓಡಬೇಡಿ, ಹೀಗಳೆಯಲೂ ಬೇಡಿ. ಹತ್ತಿರ ಹೋಗಿ ನೋಡಿ. ಬಲವನ್ನೂ ಬರೆದಿಟ್ಟುಕೊಳ್ಳಿ, ದೌರ್ಬಲ್ಯವನ್ನೂ ಬರೆದಿಟ್ಟುಕೊಳ್ಳಿ.

ಕೊನೆಗೊಂದು ಪ್ರಶ್ನೆ. ಆ ಜೊತೆಗಾರರು ಗುಂಡು ಹಾರಿಸಿದ್ದರೆ ಜಪಾನಿನ ಗುಟ್ಟು ಉಳಿಯುತ್ತಿತ್ತು. ಅವರು ಮಾಡಿದ್ದು ತಪ್ಪೇ? ತಪ್ಪೆನ್ನಲು ನನ್ನಿಂದಾಗದು. ನೀವೇನನ್ನುತ್ತೀರಿ? ಎರಡು ಸಾಲಾದರೂ ಸರಿ, ಕನ್ನಡದಲ್ಲೇ ಬರೆದು ಕಳಿಸಿ.