ಕ್ಷಯಮುಕ್ತ ಪಂಚಾಯಿತಿಯ ಲೆಕ್ಕಕ್ಕೆ ದನಗಳೂ ಬರಲಿ



ಕ್ಷಯಮುಕ್ತವೆಂದು ಘೋಷಣೆಯಾದ ಗ್ರಾಮ ಪಂಚಾಯಿತಿಗಳಿಗೆ ಗಾಂಧೀಜಿ ಪ್ರತಿಮೆ ನೀಡಿ ಗೌರವಿಸುವ ಸುದ್ದಿಗಳನ್ನು ಪತ್ರಿಕೆಗಳಲ್ಲಿ ಓದುತ್ತಿದ್ದೇವೆ. ಆಶಾ ಕಾರ್ಯಕರ್ತೆಯರ ದುಡಿಮೆಗೆ ಸಂದ ಮನ್ನಣೆ ಅದು, ಸಂತೋಷ. ಆದರೆ ಆ ಘೋಷಣೆಗೆ ಮುನ್ನ ಊರಿನಲ್ಲಿ ಎಷ್ಟು ಜನರಿಗೆ ಪರೀಕ್ಷೆ ಆಯಿತು, ಸಾವಿರಕ್ಕೆ ಎಷ್ಟು ರೋಗಿಗಳು ಎಂದು ಎಣಿಸುವವರು ಅದೇ ಊರಿನ ಕೊಟ್ಟಿಗೆಯಲ್ಲಿ ಕೆಮ್ಮುತ್ತ ಸೊರಗುತ್ತಿರುವ ಹಸುವಿನ ಕಡೆ ತಿರುಗಿಯೂ ನೋಡುವುದಿಲ್ಲ. ಪಶುವೈದ್ಯನಾಗಿ ಹಳ್ಳಿಗಳಲ್ಲೇ ಸೇವೆ ಮುಗಿಸಿದ ನನಗೆ ಇದು ಸಣ್ಣ ಲೋಪವಾಗಿ ಕಾಣುತ್ತಿಲ್ಲ.

ನಮ್ಮ ದನಗಳಲ್ಲಿ ಕ್ಷಯ ಎಷ್ಟಿದೆ ಎಂದರೆ ಎಲ್ಲರೂ 2018ರಲ್ಲಿ ಪ್ರಕಟವಾದ ಒಂದು ಅಂದಾಜನ್ನು ಮುಂದಿಡುತ್ತಾರೆ: ಶೇ 7.3, ಅಂದರೆ ಸುಮಾರು 2.18 ಕೋಟಿ ಹಸು ಮತ್ತು ಎಮ್ಮೆಗಳು. ಹಲವು ರಾಜ್ಯಗಳಲ್ಲಿ ದಶಕಗಳ ಅವಧಿಯಲ್ಲಿ ಬಿಡಿಬಿಡಿಯಾಗಿ ನಡೆದ ಅಧ್ಯಯನಗಳನ್ನು ಕೂಡಿಸಿ ತೆಗೆದ ಸರಾಸರಿ ಅದು. ಸಂಶೋಧಕರು ಮಾಡಬೇಕಾದ ಕೆಲಸವನ್ನೇ ಮಾಡಿದ್ದಾರೆ. ಆ ಒಂದು ಅಂಕಿಯನ್ನು ಹಿಡಿದುಕೊಂಡು ಸುಮ್ಮನೆ ಕುಳಿತಿರುವುದು ನಮ್ಮ ಆಡಳಿತ. ಬಯಲಲ್ಲಿ ಮೇಯುವ ನಾಟಿ ದನಗಳ ಊರು, ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿಗಳನ್ನು ಇಕ್ಕಟ್ಟಾದ ಶೆಡ್ಡಿನಲ್ಲಿ ಸಾಲಾಗಿ ಕಟ್ಟುವ ಊರು, ಎರಡಕ್ಕೂ ಒಂದೇ ಅಂಕಿ ಹೊಂದೀತೇ? ಈ ರೋಗ ಮುಖ್ಯವಾಗಿ ಉಸಿರಿನಿಂದ ಹರಡುತ್ತದೆ. ಮಿಶ್ರತಳಿಗಳಿಗೆ ಬೇಗ ತಗಲುತ್ತದೆ. ಹಾಲು ಇಳಿದ ಹಸು ಸಂತೆಯ ದಾರಿ ಹಿಡಿದರೆ ರೋಗವೂ ಅದರ ಜೊತೆ ಇನ್ನೊಂದು ಜಿಲ್ಲೆಗೆ ಹೋಗುತ್ತದೆ.

ಹೀಗೆ ಹೋಗುವುದು ಬರೀ ಊಹೆಯಲ್ಲ. ಬ್ರಿಟನ್ನಿನಲ್ಲಿ 1950ರಿಂದ ಕಡ್ಡಾಯ ಪರೀಕ್ಷೆ ನಡೆಸಿ ರೋಗವನ್ನು ಬಹುತೇಕ ಅಡಗಿಸಿದ್ದರು. 2001ರಲ್ಲಿ ಕಾಲುಬಾಯಿ ಜ್ವರ ಎದ್ದಾಗ ಕ್ಷಯದ ಪರೀಕ್ಷೆ ತಿಂಗಳುಗಟ್ಟಲೆ ನಿಂತುಹೋಯಿತು. ಆ ಜ್ವರದಿಂದ ಕೊಟ್ಟಿಗೆ ಖಾಲಿಯಾದ ರೈತರು ಬೇರೆ ಕಡೆಯಿಂದ ದನ ತಂದರು, ಅವುಗಳೊಂದಿಗೆ ಕ್ಷಯವೇ ಕಾಣದಿದ್ದ ಕಂಬ್ರಿಯಾದಂಥ ಪ್ರದೇಶಕ್ಕೂ ಕ್ಷಯ ಬಂತು. ಇಂಗ್ಲೆಂಡಿನ ನೈಋತ್ಯ ಭಾಗ ಇಂದಿಗೂ ಈ ರೋಗದಲ್ಲಿ ನಲುಗುತ್ತಿದೆ. ಅಲ್ಲಿ ಬ್ಯಾಜರ್ ಎಂಬ ಕಾಡುಪ್ರಾಣಿಯಲ್ಲೂ ರೋಗಾಣು ಬೇರೂರಿದೆ. ಸ್ಕಾಟ್ಲೆಂಡ್ ಮಾತ್ರ 2009ರಲ್ಲಿ ಕ್ಷಯಮುಕ್ತ ಎಂಬ ಅಧಿಕೃತ ಮಾನ್ಯತೆ ಪಡೆಯಿತು. ಒಂದೇ ದ್ವೀಪದೊಳಗೆ ಇಷ್ಟು ವ್ಯತ್ಯಾಸವಿದೆ. ನಿಯಮಿತವಾಗಿ ಪರೀಕ್ಷಿಸಿ, ಪ್ರದೇಶವಾರು ಲೆಕ್ಕ ಇಟ್ಟಿದ್ದರಿಂದಲೇ ಅದು ಗೊತ್ತಾಯಿತು.

ಮನುಷ್ಯರ ಕ್ಷಯದಲ್ಲಿ ದೊಡ್ಡ ಪಾಲು ಮನುಷ್ಯರಿಂದಲೇ ಬರುವುದು, ನಿಜ. ಹಾಲನ್ನು ಕುದಿಸಿದರೆ ರೋಗಾಣು ಸಾಯುತ್ತದೆ ಎಂಬುದೂ ನಿಜ. ಆದರೆ ಕೆಚ್ಚಲಿನಿಂದ ನೇರವಾಗಿ ಕರೆದ ನೊರೆಹಾಲನ್ನು ಮಕ್ಕಳಿಗೆ ಕುಡಿಸುವ ಮನೆಗಳು ಇನ್ನೂ ಇವೆ. ಸೊರಗಿದ ಹಸುವಿನ ಪಕ್ಕದಲ್ಲೇ ಸಗಣಿ ಬಾಚುತ್ತ, ಹಾಲು ಕರೆಯುತ್ತ ಅದರ ಉಸಿರನ್ನೇ ಉಸಿರಾಡುವವರು ಹೆಚ್ಚಾಗಿ ಹೆಂಗಸರು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ರೋಗಿಗಳ 940 ಮಾದರಿಗಳನ್ನು ಪರಿಶೀಲಿಸಿದ ಅಧ್ಯಯನವೊಂದು 2020ರಲ್ಲಿ ಪ್ರಕಟವಾಯಿತು. ದನದ ಕ್ಷಯಕ್ಕೆ ಕಾರಣವೆಂದು ಪುಸ್ತಕಗಳು ಹೇಳುವ ಬೋವಿಸ್ ರೋಗಾಣು ಅವುಗಳಲ್ಲಿ ಕಾಣಲಿಲ್ಲ. ಏಳು ಮಾದರಿಗಳಲ್ಲಿ ಒರಿಜಿಸ್ ಎಂಬ, ದಕ್ಷಿಣ ಏಷ್ಯಾದ ದನಗಳಲ್ಲಿ ಕಾಣುವ ಅದರ ದಾಯಾದಿ ಸಿಕ್ಕಿತು. ನಮ್ಮ ನೆಲದ ರೋಗಾಣುವನ್ನು ನಮ್ಮ ನೆಲದಲ್ಲೇ ಹುಡುಕಬೇಕಾಗಿದೆ.

2019ರಲ್ಲಿ ಆರಂಭವಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮ ಕಾಲುಬಾಯಿ ಜ್ವರ ಮತ್ತು ಬ್ರುಸೆಲ್ಲೋಸಿಸ್‌ಗಳನ್ನು ಗುರಿಯಾಗಿಸಿಕೊಂಡು ಹೊರಟಿತು. ಕ್ಷಯಕ್ಕೆ ಅಲ್ಲಿ ಜಾಗ ಸಿಗಲಿಲ್ಲ. ದನಗಳ ಕಿವಿಗೆ ಹನ್ನೆರಡು ಅಂಕಿಯ ಓಲೆಯನ್ನಂತೂ ಹಾಕುತ್ತಿದ್ದೇವೆ. ಕುತ್ತಿಗೆಯ ಚರ್ಮಕ್ಕೆ ಟ್ಯುಬರ್ಕ್ಯುಲಿನ್ ಚುಚ್ಚಿ 72 ಗಂಟೆಗಳ ನಂತರ ಬಾವು ಅಳೆಯುವ ಪರೀಕ್ಷೆಯ ಫಲಿತಾಂಶವನ್ನು ಅದೇ ಸಂಖ್ಯೆಯಡಿ ದಾಖಲಿಸಲು ಏನು ಅಡ್ಡಿ? ಮೊದಲು ಹಾಲಿನ ಸಂಘಗಳು ಹೆಚ್ಚಿರುವ ತಾಲ್ಲೂಕುಗಳಲ್ಲಿ ಶುರುವಾಗಲಿ. ಪ್ರತಿ ವರ್ಷ ಮತ್ತೆ ಪರೀಕ್ಷೆ ನಡೆದು, ತಾಲ್ಲೂಕುವಾರು ಫಲಿತಾಂಶ ಜನರಿಗೂ ಸಿಗಲಿ.

ಇದಕ್ಕಿಂತ ಮೊದಲು ಆಗಬೇಕಾದ ಕೆಲಸವೊಂದಿದೆ. ಪರೀಕ್ಷೆಯಲ್ಲಿ ಸಿಕ್ಕಿಬಿದ್ದ ಹಸುವಿನ ಗತಿ ಏನು ಎಂಬುದಕ್ಕೆ ಸರ್ಕಾರ ರೈತನಿಗೆ ಉತ್ತರ ಕೊಡಬೇಕು. ಸಾಲ ಮಾಡಿ ತಂದ ಹಸುವಿಗೆ ರೋಗವಿದೆ ಎಂದಷ್ಟೇ ಹೇಳಿ ವೈದ್ಯ ಹೊರಟುಹೋದರೆ, ಅದು ಮುಂದಿನ ಸಂತೆಯಲ್ಲಿ ಇನ್ನೊಬ್ಬ ಬಡವನ ಕೈ ಸೇರುತ್ತದೆ. ಮೂರು ದಿನ ಬಿಟ್ಟು ಬಾವು ನೋಡಲು ಹೋದಾಗ ಗೂಟ ಖಾಲಿ ಇದ್ದದ್ದನ್ನು ನಾನು ಕಂಡಿದ್ದೇನೆ. ಆ ರೈತನ ಮೇಲೆ ನನಗೆ ಸಿಟ್ಟು ಬರಲಿಲ್ಲ. ನ್ಯಾಯವಾದ ಪರಿಹಾರ, ರೋಗದ ಹಸುವನ್ನು ಪ್ರತ್ಯೇಕವಾಗಿಡಲು ಸರ್ಕಾರದ ಖರ್ಚಿನಲ್ಲೇ ವ್ಯವಸ್ಥೆ, ಮನೆಮಂದಿಗೆಲ್ಲ ಉಚಿತ ತಪಾಸಣೆ, ಇವು ಮೂರೂ ಪಶುಸಂಗೋಪನೆ ಮತ್ತು ಆರೋಗ್ಯ ಇಲಾಖೆಗಳ ಜಂಟಿ ಆದೇಶವಾಗಿ ಹೊರಬೀಳಲಿ. ಪಂಚಾಯಿತಿಗಳಿಗೆ ಮುಂದಿನ ಸಲ ಪ್ರತಿಮೆ ನೀಡುವ ಮುನ್ನ ಆ ಊರಿನ ದನಗಳ ಫಲಿತಾಂಶವನ್ನೂ ಕೇಳಲಿ.

— ನಿವೃತ್ತ ಪಶುವೈದ್ಯ, ಹಾಸನ ಜಿಲ್ಲೆ